ಹೊಸ ಟ್ಯಾಬ್‌ನಲ್ಲಿ ಏನಿರಬೇಕು? ಖಾಲಿ ಹಾಳೆಯಿಂದ ಸ್ವಂತ ಪುಟದವರೆಗೆ

ಬ್ರೌಸರ್ ಬಗ್ಗೆ ಏನೇ ಬರೆದರೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಹೊಸ ಟ್ಯಾಬ್ ತೆರೆದರೆ ಸಾಕು, ಸುದ್ದಿ, ಹವಾಮಾನ, ಜಾಹೀರಾತು ಎಲ್ಲಾ ಒಟ್ಟಿಗೆ ಕಣ್ಣಿಗೆ ಬೀಳುತ್ತೆ. ಖಾಲಿ ಇಟ್ಟುಬಿಡಲಾ? ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಲಾ? ನಾನೇ ಒಂದು ಪುಟ ಮಾಡಿಕೊಳ್ಳಲಾ?" ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಬ್ಯಾಂಕಿನವರಿದ್ದಾರೆ, ನಮ್ಮ ಭಾವನೂ ಇದ್ದಾರೆ. ನಾನು ಈ ಎಲ್ಲವನ್ನೂ ಮಾಡಿ ನೋಡಿದವನು. ಕೆಲವನ್ನು ಮಾಡಿ ಕೆಟ್ಟವನೂ ಹೌದು.

ಮೊದಲೇ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಹೊಸ ಟ್ಯಾಬ್ ಎಂದರೆ ಹೊಸ್ತಿಲು. ಅಲ್ಲಿ ಯಾರೂ ಕೂರುವುದಿಲ್ಲ, ದಾಟಿ ಹೋಗುತ್ತಾರೆ. ದಾಟುವಾಗ ಕಾಲಿಗೆ ಏನೂ ತೊಡರಬಾರದು. ನನಗೆ ಚೆನ್ನಾಗಿ ಕಾಣುವ ಪುಟಕ್ಕಿಂತ, ನಾನು ಬೇಗ ಬಿಟ್ಟು ಹೋಗುವ ಪುಟ ಮೇಲು.

ಇದು ಯಾವಾಗಲೂ ಹೀಗೆ ತುಂಬಿಕೊಂಡಿರಲಿಲ್ಲ. ಹಿಂದೆ ಹೊಸ ಟ್ಯಾಬ್ ಎಂದರೆ ಬಿಳಿ ಹಾಳೆ, ಅಷ್ಟೇ. 2007ರಲ್ಲಿ ಒಪೆರಾ 'ಸ್ಪೀಡ್ ಡಯಲ್' ಎಂದು, ಒತ್ತಿದರೆ ಬೇಕಾದ ತಾಣ ತೆರೆಯುವ ಒಂಬತ್ತು ಚೌಕ ತಂದಿತು. 2008ರಲ್ಲಿ ಕ್ರೋಮ್ ಬಂದಾಗ ನಾವು ಹೆಚ್ಚು ನೋಡುವ ತಾಣಗಳನ್ನು ತಾನೇ ಆರಿಸಿ ಜೋಡಿಸಿತು. ಫೈರ್‌ಫಾಕ್ಸ್ 2012ರವರೆಗೂ ಖಾಲಿ ಹಾಳೆಯನ್ನೇ ಕೊಡುತ್ತಿತ್ತು, ಆಮೇಲೆ ಅದೂ ಚೌಕಗಳಿಗೆ ಬಂತು. ಅಲ್ಲಿಯವರೆಗೆ ಸರಿ ಇತ್ತು. ದಿನಕ್ಕೆ ಹತ್ತಾರು ಸಲ ಕಣ್ಣು ಬೀಳುವ ಜಾಗ ಖಾಲಿ ಇದೆ ಎಂದರೆ ವ್ಯಾಪಾರಿ ಬಿಡುತ್ತಾನಾ? ಸುದ್ದಿ ಬಂತು, ಪ್ರಾಯೋಜಿತ ಚೌಕ ಬಂತು.

ಆರಿಸುವ ಮೊದಲು ಒಂದು ದಿನ ಎಣಿಸಿ

ನೀವು ಹೊಸ ಟ್ಯಾಬ್ ತೆರೆಯುವುದು ಏತಕ್ಕೆ? ಯೋಚಿಸಿ ಹೇಳಬೇಡಿ, ಎಣಿಸಿ. ಒಂದು ಹಳೇ ಕ್ಯಾಲೆಂಡರ್ ಹಾಳೆ ಹರಿದು, ಹಿಂದುಗಡೆ ಮೂರು ಕಂಬ ಗೀಚಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಟೈಪ್ ಮಾಡಿ ಹುಡುಕಿದ್ದು ಒಂದು ಕಂಬ. ಚೌಕ ಒತ್ತಿ ಹೋದದ್ದು ಇನ್ನೊಂದು. ತೆರೆದು, ಏಕೆ ತೆರೆದೆ ಅಂತ ಮರೆತದ್ದು ಮೂರನೆಯದು. ಪ್ರತಿ ಸಲ ಒಂದು ಗೆರೆ.

ನನ್ನ ಹಾಳೆಯಲ್ಲಿ ಮುಕ್ಕಾಲು ಪಾಲು ಗೆರೆ ಮೊದಲ ಕಂಬದಲ್ಲಿತ್ತು. ಅಂದರೆ ನಾನು ಆ ಪುಟವನ್ನು ನೋಡುತ್ತಲೇ ಇರಲಿಲ್ಲ. ಕಂಟ್ರೋಲ್ ಟಿ ಒತ್ತಿ, ಅಕ್ಷರ ಕುಟ್ಟಿ, ಎಂಟರ್. ಎರಡನೆಯ ಕಂಬದಲ್ಲಿ ಇದ್ದದ್ದೆಲ್ಲ ಅವೇ ನಾಲ್ಕೈದು ತಾಣ. ಮೂರನೆಯ ಕಂಬ ನಾಚಿಕೆ ಆಗುವಷ್ಟು ಉದ್ದ ಇತ್ತು. ಅದರಲ್ಲಿ ಬಹುಪಾಲಕ್ಕೆ ಕಾರಣ ಚೌಕಗಳ ಕೆಳಗಿದ್ದ ಸುದ್ದಿ.

ಎಣಿಸಿದ ಮೇಲೆ ನಾನು ಪ್ರತಿ ಆಯ್ಕೆಗೂ ಇವಿಷ್ಟು ಪ್ರಶ್ನೆ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಾ? ನಾನು ಮಾಡಲು ಹೊರಟ ಕೆಲಸವನ್ನು ಮರೆಸುತ್ತಾ? ನೆಟ್ ಇಲ್ಲದಾಗ, ಅಥವಾ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇದ್ದಾಗ ಹೇಗೆ? ನನ್ನ ಬಗ್ಗೆ ಏನೇನು ತಿಳಿದುಕೊಳ್ಳುತ್ತೆ? ಇನ್ನೊಂದು ಪ್ರಶ್ನೆ ಜಾಸ್ತಿ ಜನರಿಗೆ ಹೊಳೆಯುವುದಿಲ್ಲ: ಪಕ್ಕದವರು ನೋಡಿದರೆ ಪರವಾಗಿಲ್ವಾ?

ಈ ಕೊನೆಯದನ್ನು ಕಲಿತದ್ದು ಒಂದು ಮೀಟಿಂಗ್‌ನಲ್ಲಿ. ಸ್ಕ್ರೀನ್ ಶೇರ್ ಮಾಡಿ ಲೆಕ್ಕ ತೋರಿಸುತ್ತಿದ್ದೆ. ಏನೋ ಹುಡುಕಲು ಹೊಸ ಟ್ಯಾಬ್ ತೆರೆದೆ. ಮೊದಲ ಚೌಕದಲ್ಲೇ ಕೆಲಸ ಹುಡುಕುವ ತಾಣ. ಮ್ಯಾನೇಜರ್ ಏನೂ ಹೇಳಲಿಲ್ಲ. ಮೀಟಿಂಗ್ ಮುಗಿದ ಮೇಲೆ ಒಬ್ಬ ಗೆಳೆಯ ಮಾತ್ರ ಫೋನ್ ಮಾಡಿ, "ನಂಗೂ ಒಂದು ನೋಡೋ" ಅಂದ. 'ಹೆಚ್ಚು ನೋಡಿದ ತಾಣಗಳು' ಎಂಬ ಚೌಕಗಳು ನಾವು ಆರಿಸಿದ್ದಲ್ಲ. ನಮ್ಮ ಹಿಸ್ಟರಿ ಆರಿಸಿದ್ದು.

ಬ್ರೌಸರ್ ಕೊಟ್ಟದ್ದನ್ನೇ ಬೋಳಿಸುವುದು

ಹೆಚ್ಚಿನವರಿಗೆ ಇದೇ ಸಾಕು. ದುಡ್ಡಿಲ್ಲ, ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ, ಐದು ನಿಮಿಷದ ಕೆಲಸ.

ಕ್ರೋಮ್‌ನಲ್ಲಿ ಹೊಸ ಟ್ಯಾಬ್‌ನ ಬಲಗಡೆ ಕೆಳಮೂಲೆಯಲ್ಲಿ ಪೆನ್ಸಿಲ್ ಗುರುತು ಇರುತ್ತದೆ. ಒತ್ತಿದರೆ ಶಾರ್ಟ್‌ಕಟ್ (ಅಂದರೆ ಆ ಚೌಕಗಳು), ಕಾರ್ಡ್ (ಕೆಳಗಿನ ಮಾಹಿತಿ ಪೆಟ್ಟಿಗೆಗಳು) ಎರಡನ್ನೂ ಬಂದ್ ಮಾಡಬಹುದು. ಶಾರ್ಟ್‌ಕಟ್ ಬೇಕೇ ಬೇಕು ಅನ್ನುವವರು 'ಹೆಚ್ಚು ನೋಡಿದ್ದು' ತೆಗೆದು 'ನನ್ನ ಶಾರ್ಟ್‌ಕಟ್' ಆರಿಸಿಕೊಳ್ಳಿ. ಆಗ ಮೀಟಿಂಗ್‌ನಲ್ಲಿ ನನ್ನ ಹಾಗೆ ಸಿಕ್ಕಿಬೀಳುವುದಿಲ್ಲ. ಇಷ್ಟೆಲ್ಲ ಮಾಡಿದರೂ ಲೋಗೋ ಮತ್ತು ಹುಡುಕುವ ಪೆಟ್ಟಿಗೆ ಹೋಗುವುದಿಲ್ಲ. ಪೂರಾ ಖಾಲಿ ಪುಟ ಎಂಬ ಆಯ್ಕೆಯೇ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಇಲ್ಲ. ಆ ಪೆಟ್ಟಿಗೆ ಏಕೆ ಬೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಟ್ಯಾಬ್ ತೆರೆದ ಕೂಡಲೇ ಕರ್ಸರ್ ಮೇಲಿನ ವಿಳಾಸ ಪಟ್ಟಿಯಲ್ಲೇ ಮಿನುಗುತ್ತಿರುತ್ತದೆ, ಅಲ್ವಾ? ಒಂದೇ ಮನೆಗೆ ಎರಡು ಮುಂಬಾಗಿಲು.

ಎಡ್ಜ್ ಬಳಸುವವರಿಗೆ ಕೆಲಸ ಸ್ವಲ್ಪ ಜಾಸ್ತಿ. ಪುಟದ ಮೇಲುಗಡೆ ಇರುವ ಗೇರ್ ಗುರುತು ಒತ್ತಿ, ಹಿನ್ನೆಲೆ ಚಿತ್ರ, ಸುದ್ದಿ, ಲಿಂಕ್‌ಗಳನ್ನು ಒಂದೊಂದಾಗಿ ತೆಗೆಯಬೇಕು. ತೆಗೆದ ಮೇಲೆ ಪುಟ ಸೌಮ್ಯವಾಗಿಯೇ ಇರುತ್ತದೆ.

ಫೈರ್‌ಫಾಕ್ಸ್ ಇಲ್ಲಿ ಎರಡು ಹೆಜ್ಜೆ ಮುಂದೆ. ಪ್ರಾಯೋಜಿತ ಚೌಕ, ಹವಾಮಾನ, ಕಥೆಗಳು ಎಲ್ಲಕ್ಕೂ ಬೇರೆ ಬೇರೆ ಗುಂಡಿ ಇದೆ, ಒಂದನ್ನು ಇಟ್ಟು ಇನ್ನೊಂದನ್ನು ತೆಗೆಯಬಹುದು. ಬ್ರೇವ್‌ನಲ್ಲಿ ಪ್ರಾಯೋಜಿತ ಚಿತ್ರಗಳನ್ನು ಬಂದ್ ಮಾಡುವ ಗುಂಡಿ ಇದೆ. ಸಫಾರಿಯಲ್ಲೂ ಆರಂಭದ ಪುಟದ ಒಂದೊಂದು ಭಾಗವನ್ನು ತೆಗೆಯಬಹುದು.

ಕಚೇರಿಯ ಲ್ಯಾಪ್‌ಟಾಪ್ ಆದರೆ ಇಲ್ಲಿಗೇ ನಿಲ್ಲಿ. ಎಷ್ಟೋ ಕಡೆ ಐಟಿಯವರು ಎಕ್ಸ್‌ಟೆನ್ಶನ್ ಹಾಕಲು ಬಿಡುವುದಿಲ್ಲ, ಬಿಟ್ಟರೂ ಕೇಳದೆ ಹಾಕುವುದು ಒಳ್ಳೆಯದಲ್ಲ.

ಖಾಲಿ ಹಾಳೆ

ಫೈರ್‌ಫಾಕ್ಸ್, ಸಫಾರಿ, ಬ್ರೇವ್, ವಿವಾಲ್ಡಿ ಎಲ್ಲದರ ಸೆಟ್ಟಿಂಗ್ಸ್‌ನಲ್ಲೂ ಹೊಸ ಟ್ಯಾಬ್‌ಗೆ ಖಾಲಿ ಪುಟ ಎಂದು ನೇರವಾಗಿ ಆರಿಸಬಹುದು. ಕ್ರೋಮ್, ಎಡ್ಜ್‌ನವರಿಗೆ ಅದಕ್ಕೂ ಒಂದು ಎಕ್ಸ್‌ಟೆನ್ಶನ್ ಬೇಕು. ಏನೂ ಇಲ್ಲದಿರಲು ಒಂದು ಇನ್‌ಸ್ಟಾಲ್ ಮಾಡಬೇಕು ನೋಡಿ!

ನನ್ನ ಪ್ರಶ್ನೆಗಳಲ್ಲಿ ಬಹುತೇಕ ಎಲ್ಲಕ್ಕೂ ಖಾಲಿ ಹಾಳೆ ಪೂರ್ತಿ ಅಂಕ ತೆಗೆದುಕೊಳ್ಳುತ್ತದೆ. ತೆರೆಯಲು ಹೊತ್ತು ಬೇಡ, ಡೇಟಾ ಬೇಡ, ಯಾರು ನೋಡಿದರೂ ಚಿಂತೆ ಇಲ್ಲ. ಹಳೇ ಲ್ಯಾಪ್‌ಟಾಪ್‌ಗೂ ಹೊರೆಯಿಲ್ಲ. ತೊಂದರೆ ಒಂದೇ. ದಿನಾ ಹೋಗುವ ನಾಲ್ಕೈದು ತಾಣಗಳಿಗೆ ಏನು ಮಾಡುವುದು?

ಇದಕ್ಕೆ ಮೂರು ಉಪಾಯ ಇವೆ. ಪುಟ ಅಲಂಕರಿಸಲು ಹೊರಡುವ ಮೊದಲು ಇವನ್ನು ಒಂದು ವಾರ ಬಳಸಿ ನೋಡಿ.

ಒಂದು, ಬುಕ್‌ಮಾರ್ಕ್ ಪಟ್ಟಿ. ಫೈರ್‌ಫಾಕ್ಸ್‌ನಲ್ಲಿ ಅದನ್ನು 'ಹೊಸ ಟ್ಯಾಬ್‌ನಲ್ಲಿ ಮಾತ್ರ ತೋರಿಸು' ಎಂದು ಇಡಬಹುದು. ಪುಟ ಖಾಲಿ, ಮೇಲೆ ಒಂದು ಸಾಲಿನಲ್ಲಿ ಮಾತ್ರ ನಿಮ್ಮ ಲಿಂಕ್‌ಗಳು. ಬೇರೆ ತಾಣಕ್ಕೆ ಹೋದ ತಕ್ಷಣ ಆ ಸಾಲು ಮಾಯ. ಕ್ರೋಮ್‌ನಲ್ಲೂ ಪಟ್ಟಿಯನ್ನು ಮರೆಮಾಡಿದರೆ ಅದರ ಸ್ವಂತ ಹೊಸ ಟ್ಯಾಬ್ ಪುಟದಲ್ಲಿ ಮಾತ್ರ ಕಾಣಿಸುತ್ತಿರುತ್ತದೆ. ಬುಕ್‌ಮಾರ್ಕ್‌ನ ಹೆಸರು ಚಿಕ್ಕದು ಮಾಡಿದರೆ, ಅಥವಾ ಹೆಸರು ಅಳಿಸಿ ಬರೀ ಚಿಹ್ನೆ ಉಳಿಸಿದರೆ, ಹದಿನೈದು ಲಿಂಕ್ ಆರಾಮಾಗಿ ಹಿಡಿಯುತ್ತವೆ.

ಎರಡು, ಆಲ್ಟ್ ಮತ್ತು ಹೋಮ್ ಕೀ. ಹೊಸ ಟ್ಯಾಬ್ ಬೇರೆ, ಹೋಮ್ ಪೇಜ್ ಬೇರೆ. ಇದನ್ನು ಗಮನಿಸದವರೇ ಜಾಸ್ತಿ. ಟ್ಯಾಬ್ ಖಾಲಿ ಇಟ್ಟು, ಹೋಮ್ ಪೇಜ್‌ಗೆ ನಿಮ್ಮ ಲಿಂಕ್‌ಗಳ ಪುಟ ಕೊಡಿ. ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ಹೋಮ್ ಒತ್ತಿದಾಗ ಮಾತ್ರ ಅದು ಎದುರಿಗೆ ಬರುತ್ತದೆ. ಕರೆದಾಗ ಬರುವ, ಕರೆಯದಿದ್ದರೆ ಸುಮ್ನೆ ಇರುವ ಪುಟ.

ಮೂರು, ವಿಳಾಸ ಪಟ್ಟಿಗೇ ಕಲಿಸುವುದು. ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ತಾಣದ ಹುಡುಕಾಟಕ್ಕೆ ಒಂದೊಂದು ಅಕ್ಷರ ಕಟ್ಟಬಹುದು. ನಾನು 'ವಿ' ಅಕ್ಷರಕ್ಕೆ ಕನ್ನಡ ವಿಕಿಪೀಡಿಯ ಕಟ್ಟಿದ್ದೇನೆ. 'ವಿ', ಒಂದು ಸ್ಪೇಸ್, ಆಮೇಲೆ 'ಹಳೇಬೀಡು' ಎಂದರೆ ನೇರ ಅಲ್ಲಿಗೇ. ಫೈರ್‌ಫಾಕ್ಸ್‌ನಲ್ಲಿ ಇನ್ನೂ ಎರಡು ಗುರುತು ನೆನಪಿಟ್ಟುಕೊಳ್ಳಿ. * ಹಾಕಿ ಸ್ಪೇಸ್ ಕೊಟ್ಟರೆ ಬುಕ್‌ಮಾರ್ಕ್‌ಗಳಲ್ಲಿ ಮಾತ್ರ ಹುಡುಕುತ್ತದೆ, % ಹಾಕಿದರೆ ತೆರೆದಿರುವ ಟ್ಯಾಬ್‌ಗಳಲ್ಲಿ. ನಲವತ್ತು ಟ್ಯಾಬ್ ತೆರೆದಿಡುವ ನನ್ನಂಥವರಿಗೆ ಈ ಎರಡನೆಯದು ದೊಡ್ಡ ಉಪಕಾರ.

ಮೊದಲ ಕಂಬ ಉದ್ದವಿದ್ದವರಿಗೆ ಖಾಲಿ ಹಾಳೆಯೇ ಸರಿ. ಮುಂದೆ ಓದದಿದ್ದರೂ ನಡೆಯುತ್ತದೆ.

ಎಕ್ಸ್‌ಟೆನ್ಶನ್

ಬೆಟ್ಟದ ಚಿತ್ರ, ನಡುವೆ ದೊಡ್ಡ ಗಡಿಯಾರ, ನಿಮ್ಮ ಹೆಸರು ಹೇಳಿ ಒಂದು ನಮಸ್ಕಾರ, ಕೆಳಗೆ 'ಇವತ್ತು ಏನು ಮಾಡಬೇಕು' ಎಂಬ ಪ್ರಶ್ನೆ. ಮೊಮೆಂಟಮ್ ಎಂಬುದು ಈ ಜಾತಿಯಲ್ಲಿ ಹೆಸರುವಾಸಿ. ಅದು ಬಿಟ್ಟಿ, ಇನ್ನೂ ಕೆಲವು ಸೌಲಭ್ಯ ಬೇಕೆಂದರೆ ದುಡ್ಡು ಕೊಡಬೇಕು. ಟ್ಯಾಬ್ಲಿಸ್, ಬೊಂಜೂರ್ ಎಂಬ ಎರಡು ಮುಕ್ತ ತಂತ್ರಾಂಶಗಳೂ (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದಾದಂಥವು) ಇವೆ. ಇವುಗಳಲ್ಲಿ ಬೇಡದ್ದನ್ನೆಲ್ಲ ತೆಗೆದು ಬರೀ ಗಡಿಯಾರ ಉಳಿಸಿಕೊಳ್ಳಬಹುದು.

ಮೊದಲ ವಾರ ಖುಷಿ ಇತ್ತು, ಸುಳ್ಳು ಹೇಳುವುದಿಲ್ಲ. ಮುಂಜಾನೆಯ ಸರೋವರ, ಮಂಜು. ಎರಡನೆಯ ವಾರದಿಂದ ಆ ಚಿತ್ರವೇ ತೊಡಕಾಯಿತು. 'ಇದು ಯಾವ ಊರು?' ಎಂದು ಮೂಲೆಯಲ್ಲಿರುವ ಸಣ್ಣ ಅಕ್ಷರ ಓದಲು ಹೋಗುತ್ತಿದ್ದೆ. ಸುದ್ದಿಯ ಬದಲು ಸರೋವರ, ಅಷ್ಟೇ ವ್ಯತ್ಯಾಸ. ಊರಿಗೆ ಹೋದಾಗ ಹಾಟ್‌ಸ್ಪಾಟ್‌ನಲ್ಲಿ ಚಿತ್ರ ಅರ್ಧ ಬಂದು ನಿಲ್ಲುತ್ತಿತ್ತು. ಪರದೆ ತುಂಬುವ ಒಂದು ಫೋಟೊ ಎಂದರೆ ನೂರಾರು ಕೆಬಿ ಇರುತ್ತದೆ. ಇಷ್ಟವಿದ್ದೇ ಹಾಕುವುದಾದರೆ ಚಿತ್ರ ದಿನಕ್ಕೊಂದು ಬದಲಾದರೆ ಸಾಕು ಎಂದು ಇಡಿ, ಟ್ಯಾಬ್‌ಗೊಂದು ಬೇಡ. ಅಥವಾ ಒಂದೇ ತಿಳಿ ಬಣ್ಣ.

ಇದಕ್ಕಿಂತ ದೊಡ್ಡ ವಿಷಯ ಅನುಮತಿ. ಹೊಸ ಟ್ಯಾಬ್ ಬದಲಿಸಲು ಬೇಕಾದದ್ದು ಬಹಳ ಕಡಿಮೆ. 'ನೀವು ಹೋಗುವ ಎಲ್ಲಾ ತಾಣಗಳ ಮಾಹಿತಿಯನ್ನು ಓದುತ್ತೇನೆ, ಬದಲಿಸುತ್ತೇನೆ' ಎಂದು ಒಂದು ಗಡಿಯಾರದ ಪುಟ ಕೇಳಿದರೆ, ಬೇಡಪ್ಪಾ ನಿನ್ನ ಸಹವಾಸ ಅಂದುಬಿಡಿ. ಇವತ್ತು ಒಳ್ಳೆಯವರ ಕೈಯಲ್ಲಿರುವ ಎಕ್ಸ್‌ಟೆನ್ಶನ್ ನಾಳೆ ಇನ್ಯಾರದೋ ಕೈಗೆ ಹೋಗಬಹುದು. ದಿ ಗ್ರೇಟ್ ಸಸ್ಪೆಂಡರ್ ನೆನಪಿರಬಹುದು. ಬಳಸದ ಟ್ಯಾಬ್‌ಗಳನ್ನು ಮಲಗಿಸುತ್ತಿದ್ದ ಆ ಎಕ್ಸ್‌ಟೆನ್ಶನ್ ಅನ್ನು ಲಕ್ಷಗಟ್ಟಲೆ ಜನ ನಂಬಿದ್ದರು. 2020ರಲ್ಲಿ ಮಾಲೀಕರು ಬದಲಾದರು. 2021ರ ಫೆಬ್ರುವರಿಯಲ್ಲಿ ಅದರಲ್ಲಿ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಇದೆ ಎಂದು ಗೂಗಲ್ ಕಿತ್ತುಹಾಕಿತು.

ಹೊಸ ಟ್ಯಾಬ್ ಮೇಲೆ ಇಂಥವರ ಕಣ್ಣು ಮೊದಲಿನಿಂದಲೂ ಇದೆ. ಫೈರ್‌ಫಾಕ್ಸ್‌ನಲ್ಲಿ ಮುಂಚೆ ಹೊಸ ಟ್ಯಾಬ್‌ಗೆ ಯಾವ ವಿಳಾಸ ಬೇಕಾದರೂ ಕೊಡಬಹುದಿತ್ತು. ಕಳ್ಳ ತಂತ್ರಾಂಶಗಳು ಅದನ್ನೇ ಹಿಡಿದು ತಮ್ಮ ಹುಡುಕಾಟದ ಪುಟ ತೂರಿಸತೊಡಗಿದವು. 2015ರಲ್ಲಿ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಆ ಸೆಟ್ಟಿಂಗನ್ನೇ ತೆಗೆದರು. ಕ್ರೋಮ್‌ನಲ್ಲಿ ಒಂದು ಎಕ್ಸ್‌ಟೆನ್ಶನ್ ಹೊಸ ಟ್ಯಾಬ್ ಬದಲಿಸಿದಾಗ 'ವಾಪಸ್ ಮೊದಲಿನಂತೆ ಮಾಡಲಾ?' ಎಂದು ಬ್ರೌಸರ್ ಕೇಳುವುದೂ ಇದೇ ಭಯಕ್ಕೆ.

ಹಾಗಾದರೆ ಎಕ್ಸ್‌ಟೆನ್ಶನ್ ಯಾರಿಗೆ? ಕೋಡ್ ಬರೆಯಲು ಬಾರದ, ಆದರೆ ಮಾಡಬೇಕಾದ ಒಂದು ಕೆಲಸ ಕಣ್ಣೆದುರು ಇದ್ದರೆ ಅನುಕೂಲ ಎನ್ನುವವರಿಗೆ. ಪರೀಕ್ಷೆಗೆ ಓದುವ ಹುಡುಗರು ಕೆಲವರು ಇದನ್ನು ಚೆನ್ನಾಗಿ ಬಳಸುತ್ತಾರೆ. ಮುಕ್ತ ತಂತ್ರಾಂಶವನ್ನೇ ಆರಿಸಿ.

ಕೈಯಾರೆ ಮಾಡಿದ ಪುಟ

ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಮ್‌ಎಲ್ ಸ್ವಲ್ಪ ಗೊತ್ತಿದ್ದರೆ ಇದು ಒಂದು ಭಾನುವಾರದ ಕೆಲಸ. ಕ್ರೋಮ್‌ನಲ್ಲಿ ಒಂದು ಫೋಲ್ಡರ್, ಅದರಲ್ಲಿ ಮೂರು ಫೈಲ್. ಪುಟ ಒಂದು, ಸ್ಕ್ರಿಪ್ಟ್ ಒಂದು, 'ಹೊಸ ಟ್ಯಾಬ್ ಬದಲು ಈ ಪುಟ ತೆರೆ' ಎಂದು ಹೇಳುವ ಮ್ಯಾನಿಫೆಸ್ಟ್ ಒಂದು. ಎಕ್ಸ್‌ಟೆನ್ಶನ್‌ಗಳ ಪುಟದಲ್ಲಿ ಡೆವಲಪರ್ ಮೋಡ್ ಹಾಕಿ ಆ ಫೋಲ್ಡರ್ ತೋರಿಸಿದರೆ ಮುಗಿಯಿತು. ನನ್ನದು ಮೂರೂ ಸೇರಿ ಐದು ಕೆಬಿ ದಾಟುವುದಿಲ್ಲ. ನೆಟ್ ಇಲ್ಲದಿದ್ದರೂ ತೆರೆಯುತ್ತದೆ, ಯಾರಿಗೂ ಏನೂ ಕಳಿಸುವುದಿಲ್ಲ.

ಇಲ್ಲಿ ನಾನು ಎಡವಿದ ಕಡೆಗಳನ್ನು ಹೇಳುತ್ತೇನೆ, ನಿಮ್ಮ ಭಾನುವಾರ ಉಳಿಯಲಿ.

ಸ್ಕ್ರಿಪ್ಟನ್ನು ಪುಟದೊಳಗೇ ಬರೆದಿದ್ದೆ. ಓಡಲಿಲ್ಲ. ಎಕ್ಸ್‌ಟೆನ್ಶನ್ ಪುಟಗಳಲ್ಲಿ ಅದಕ್ಕೆ ಬಿಡುವುದಿಲ್ಲ, ಬೇರೆ ಫೈಲ್‌ನಲ್ಲೇ ಇಡಬೇಕು. ಒಂದು ಸಂಜೆ ಹೋಯಿತು. ಆಮೇಲೆ ನನ್ನದೇ ಹುಡುಕುವ ಪೆಟ್ಟಿಗೆ ಮಾಡಿ ಕರ್ಸರ್ ಅದರಲ್ಲಿ ನಿಲ್ಲಿಸಲು ಹೋದೆ. ಆಗಲಿಲ್ಲ. ಹೊಸ ಟ್ಯಾಬ್‌ನಲ್ಲಿ ಕರ್ಸರ್ ಮೊದಲು ವಿಳಾಸ ಪಟ್ಟಿಗೇ ಹೋಗುತ್ತದೆ, ಕ್ರೋಮ್‌ನ ನಿಯಮವೇ ಹಾಗೆ. ಪೆಟ್ಟಿಗೆ ತೆಗೆದೆ, ಪುಟ ಇನ್ನೂ ಹಗುರ ಆಯಿತು. ಪುಟಕ್ಕೆ ಶೀರ್ಷಿಕೆ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಟ್ಯಾಬ್ ಮೇಲೆ ಉದ್ದನೆಯ ವಿಳಾಸ ಕೂರುತ್ತದೆ.

ರಾತ್ರಿ ಕೆಲಸ ಮಾಡುವವರಿಗೆ ಇನ್ನೊಂದು. ಪುಟದ ತಲೆಯಲ್ಲೇ 'ಬೆಳಕು, ಕತ್ತಲೆ ಎರಡೂ ನಡೆಯುತ್ತೆ' ಎಂದು ಬಣ್ಣದ ಕ್ರಮ ಹೇಳಿಡಿ. ಇಲ್ಲದಿದ್ದರೆ ಡಾರ್ಕ್ ಮೋಡ್‌ನಲ್ಲಿ ಪ್ರತಿ ಟ್ಯಾಬ್‌ಗೂ ಒಂದು ಕ್ಷಣ ಬಿಳಿ ಮಿಂಚು ಹೊಡೆಯುವುದುಂಟು. ಹನ್ನೊಂದು ಗಂಟೆ ರಾತ್ರಿಗೆ ಅದು ಕಣ್ಣಿಗೆ ಟಾರ್ಚ್ ಬಿಟ್ಟ ಹಾಗೆ.

ಲಿಂಕ್‌ಗಳ ಹೆಸರು ಕನ್ನಡದಲ್ಲಿ ಬರೆಯುವವರು ಒತ್ತಕ್ಷರ ನೋಡಿಕೊಳ್ಳಿ. ನಾನು ಇಂಗ್ಲಿಷ್ ಪುಟದಿಂದ ತೆಗೆದ ಅಳತೆ ಹಾಕಿದ್ದೆ. ಸಾಲಿನ ಎತ್ತರ ಕಡಿಮೆ, ಮಿಕ್ಕದ್ದನ್ನು ಕತ್ತರಿಸು ಎಂಬ ಸೂಚನೆ ಬೇರೆ. 'ಅಪ್ಪನ ಪಿಂಚಣಿ' ಎಂದು ಬರೆದದ್ದು 'ಅಪನ ಪಿಂಚಣಿ' ಆಗಿ ಕೂತಿತ್ತು, ಪ ಒತ್ತು ಪೂರ್ತಿ ಕಟ್. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೊಟ್ಟ ಮೇಲೆ ಸರಿಹೋಯಿತು. ಫಾಂಟನ್ನು ನೆಟ್‌ನಿಂದ ತರಿಸಬೇಡಿ, ವಿಂಡೋಸ್‌ನಲ್ಲಿ ಇರುವ ನಿರ್ಮಲಾ ಸಾಕು. ದಿನಾಂಕ ಬೇಕಿದ್ದರೆ ಜಾವಾಸ್ಕ್ರಿಪ್ಟ್‌ಗೆ ಭಾಷೆ ಕನ್ನಡ ಎಂದು ಹೇಳಿದರೆ ವಾರ, ತಿಂಗಳ ಹೆಸರು ತಾನೇ ಕನ್ನಡದಲ್ಲಿ ಬರುತ್ತದೆ. ಅಂಕಿ ಮಾತ್ರ 1, 2, 3 ಎಂದೇ ಇರುತ್ತದೆ. ೧, ೨, ೩ ಬೇಕೆಂದರೆ ಅದನ್ನು ಬೇರೆಯಾಗಿ ಕೇಳಬೇಕು.

ಕೊರತೆಗಳೂ ಇವೆ. ಹಿಸ್ಟರಿ ಉಳಿಸದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನಿಮ್ಮ ಪುಟ ಬರುವುದಿಲ್ಲ. ಇನ್ನೊಂದು ಕಂಪ್ಯೂಟರ್‌ಗೆ ಫೋಲ್ಡರ್ ನೀವೇ ಹೊತ್ತುಕೊಂಡು ಹೋಗಬೇಕು. ಫೈರ್‌ಫಾಕ್ಸ್‌ನಲ್ಲಿ ಇನ್ನೂ ಬಿಗಿ. ಮೊಜಿಲ್ಲಾದ ಸಹಿ ಇಲ್ಲದ ಎಕ್ಸ್‌ಟೆನ್ಶನ್ ತಾತ್ಕಾಲಿಕವಾಗಿ ಮಾತ್ರ ನಿಲ್ಲುತ್ತದೆ, ಬ್ರೌಸರ್ ಮುಚ್ಚಿದರೆ ಹೋಯಿತು. ಅಲ್ಲಿ ನಿಮ್ಮ ಪುಟವನ್ನು ಹೊಸ ಟ್ಯಾಬ್‌ನಲ್ಲಿ ತೆರೆಯುವ 'ನ್ಯೂ ಟ್ಯಾಬ್ ಓವರ್‌ರೈಡ್' ಎಂಬ ಎಕ್ಸ್‌ಟೆನ್ಶನ್ ಹಿಡಿಯುವುದು ಸುಲಭ. ವಿವಾಲ್ಡಿಯಲ್ಲಿ ಇದಾವುದೂ ಬೇಡ, ಹೊಸ ಟ್ಯಾಬ್‌ಗೆ ಬೇಕಾದ ವಿಳಾಸ ಸೆಟ್ಟಿಂಗ್ಸ್‌ನಲ್ಲೇ ಬರೆಯಬಹುದು. ಅದನ್ನು ಕಟ್ಟಿದವರಲ್ಲಿ ಒಬ್ಬರು ಒಪೆರಾ ಕಂಪನಿಯನ್ನೂ ಕಟ್ಟಿದವರು.

ಇನ್ನೊಂದು ಅಪಾಯ ತಾಂತ್ರಿಕದ್ದಲ್ಲ. ಸ್ವಂತ ಪುಟ ಇದ್ದರೆ ಅದನ್ನು ತಿದ್ದುತ್ತಲೇ ಇರುವ ಚಟ ಹತ್ತುತ್ತದೆ. ಗಡಿಯಾರ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕಂಪ್ಯೂಟರ್‌ನ ಮೂಲೆಯಲ್ಲಿ ಗಡಿಯಾರ ಇದ್ದೇ ಇದೆ ಎಂದು ಹೊಳೆಯಲು ನನಗೆ ಎರಡು ತಿಂಗಳು ಬೇಕಾಯಿತು.

ನಾನು, ಭಾವ, ಅಪ್ಪ

ಈಗ ನನ್ನದು ಫೈರ್‌ಫಾಕ್ಸ್, ಖಾಲಿ ಹಾಳೆ, ಹೊಸ ಟ್ಯಾಬ್‌ನಲ್ಲಿ ಮಾತ್ರ ಕಾಣುವ ಬುಕ್‌ಮಾರ್ಕ್ ಸಾಲು. ಕೈಯಾರೆ ಮಾಡಿದ ಪುಟ ಹೋಮ್ ಪೇಜ್ ಆಗಿ ಆಲ್ಟ್ ಹೋಮ್ ಹಿಂದೆ ಕೂತಿದೆ. ಭಾವನದು ಕಚೇರಿಯ ಎಡ್ಜ್. ಸುದ್ದಿ, ಚಿತ್ರ ತೆಗೆಸಿ ಕೊಟ್ಟೆ, ಅಷ್ಟಕ್ಕೇ ಅವರು ಸಂತೋಷಪಟ್ಟರು. ಫೋನ್‌ಗೆ ಆಯ್ಕೆ ಕಡಿಮೆ. ಕ್ರೋಮ್‌ನಲ್ಲಿ ಕೆಳಗಿನ ಸುದ್ದಿ ಸಾಲನ್ನು ಬಂದ್ ಮಾಡಿ ಸುಮ್ಮನಾಗಿ.

ಅಪ್ಪನ ವಿಷಯದಲ್ಲಿ ಮಾತ್ರ ನನ್ನ ಸಿದ್ಧಾಂತ ನಡೆಯಲಿಲ್ಲ. ಅವರ ಕಂಪ್ಯೂಟರ್‌ಗೂ ಎಕ್ಸ್‌ಟೆನ್ಶನ್ ಹಾಕಿ ಖಾಲಿ ಹಾಳೆ ಮಾಡಿ ಬಂದಿದ್ದೆ. ಮರುದಿನ ಬೆಳಿಗ್ಗೆ ಫೋನ್. "ಇಂಟರ್ನೆಟ್ ಹೋಗಿದೆ ಕಣೋ, ಎಲ್ಲಾ ಬೆಳ್ಳಗಿದೆ." ಅವರು ವಿಳಾಸ ಟೈಪ್ ಮಾಡುವವರಲ್ಲ, ಚೌಕ ಒತ್ತುವವರು. ಅವರ ಹಾಳೆಯಲ್ಲಿ ಗೆರೆಗಳೆಲ್ಲ ಎರಡನೆಯ ಕಂಬದಲ್ಲೇ ಬೀಳುತ್ತವೆ, ನಾನು ಎಣಿಸಿರಲಿಲ್ಲ. ಎಕ್ಸ್‌ಟೆನ್ಶನ್ ತೆಗೆದು ಕ್ರೋಮ್‌ನ ಸ್ವಂತ ಪುಟವನ್ನೇ ವಾಪಸ್ ಕೊಟ್ಟೆ. ಕಾರ್ಡ್ ಬಂದ್, 'ನನ್ನ ಶಾರ್ಟ್‌ಕಟ್' ಆನ್. ಪಿಂಚಣಿ, ವಿದ್ಯುತ್ ಬಿಲ್, ದಿನಪತ್ರಿಕೆ, ಮೂರೇ ಚೌಕ. ಹೋದ ವಾರ ನೋಡಿದರೆ ನಾಲ್ಕನೆಯದು ಒಂದು ಬಂದಿತ್ತು. 'ಸೇರಿಸಿ' ಎಂಬುದನ್ನು ಅವರೇ ಒತ್ತಿ, ಅಡಿಕೆ ಧಾರಣೆಯ ಪುಟ ಹಾಕಿಕೊಂಡಿದ್ದಾರೆ.